ಗಾಳಿ ಹೋದರೆ ತಂಗಳು ಹೋಯಿತೆ?

ಮನೆಗೊಂದು ವ್ಯಾಕ್ಯೂಂ ಸೀಲರ್ ಕೊಳ್ಳುವ ಮುನ್ನ

ಧನುರ್ಮಾಸದ ಚಳಿ ಬೆಂಗಳೂರಿಗೆ ಇಳಿಯಿತೆಂದರೆ ಅವರೆಕಾಯಿಯ ಸೊಗಡೂ ಅದರ ಬೆನ್ನಿಗೇ ಬಂದಿಳಿಯುತ್ತದೆ. ಮಾಗಡಿಯ ಕಡೆಯ ಮೂಟೆಗಳು ಮಾರುಕಟ್ಟೆಯಲ್ಲಿ ಬಾಯಿ ಬಿಚ್ಚುತ್ತವೆ. ಮನೆಮನೆಯ ನಡುಮನೆಯಲ್ಲಿ ಹಳೆಯ ವೃತ್ತಪತ್ರಿಕೆಗಳು ಹಾಸಿಕೊಳ್ಳುತ್ತವೆ. ಕಾಯಿ ಬಿಡಿಸಬೇಕು, ಕಾಳನ್ನು ರಾತ್ರಿ ನೆನೆಹಾಕಬೇಕು, ಬೆಳಗಾಗೆದ್ದು ಒಂದೊಂದನ್ನೇ ಬೆರಳುಗಳ ನಡುವೆ ಹಿತುಕಿ ಸಿಪ್ಪೆ ಕಳೆಯಬೇಕು. ಮೂಟೆಯಾಗಿ ಬಂದದ್ದು ಮೊರವಾಗಿ, ಮೊರದ್ದು ಪಾತ್ರೆಯಾಗಿ, ಕಡೆಗೆ ಉಳಿಯುವ ಬೇಳೆಯನ್ನು ಕಂಡಾಗ ಬೆರಳು ನೋಯಿಸಿಕೊಂಡವರಿಗೆ ಅದನ್ನು ಒಂದೇ ವಾರದಲ್ಲಿ ಉಂಡು ಮುಗಿಸಲು ಮನಸ್ಸಾಗದು. ಬೇಸಗೆಯಲ್ಲಿ ಒಂದು ದಿನ ಹಿತುಕಿದ ಬೇಳೆಯ ಹುಳಿ ಮಾಡಿ ಎಲ್ಲರನ್ನೂ ಬೆರಗುಗೊಳಿಸಬೇಕೆಂಬ ಆಸೆ ಸಹಜವೇ ಅಲ್ಲವೆ?

ಇಂಥ ಆಸೆಯುಳ್ಳ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಗಂಡ ಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವವರು. ಹೆಂಡತಿಯ ತಂದೆ ಮೈಸೂರಿನಲ್ಲಿ ಒಬ್ಬರೇ ಇದ್ದಾರೆ. ಪತ್ನೀವಿಯೋಗವಾಗಿ ವರ್ಷಗಳು ಕಳೆದರೂ ಆ ಮನೆಯನ್ನು ಬಿಟ್ಟು ಬರಲೊಲ್ಲರು. ಅನ್ನ ಮಾಡಿಕೊಳ್ಳಬಲ್ಲರು, ಕಾಫಿ ಬೆರೆಸಿಕೊಳ್ಳಬಲ್ಲರು. ಹುಳಿ, ಪಲ್ಯಗಳ ತಂಟೆಗೆ ಹೋಗುವವರಲ್ಲ. ಮಗಳು ಹದಿನೈದು ದಿನಕ್ಕೊಮ್ಮೆ ಹೋದಾಗ ಹತ್ತಾರು ಡಬ್ಬಗಳನ್ನು ತುಂಬಿಕೊಂಡು ಹೋಗಿ ಅವರ ಫ್ರೀಜರಿನಲ್ಲಿ ಜೋಡಿಸಿಟ್ಟು ಬರುತ್ತಾಳೆ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಡಬ್ಬ ತೆರೆದರೆ ಅವರೆಬೇಳೆಯ ಮೇಲೆಲ್ಲ ಬಿಳಿಯ ಹಿಮದ ಪುಡಿ. ಬೇಳೆ ಸುರುಟಿ ಸಣ್ಣದಾಗಿದೆ. ಬೇಯಿಸಿ ಬಡಿಸಿದ ಮೇಲೆ ತಂದೆಯವರು ಒಂದು ತುತ್ತುಂಡು, “ಏನಮ್ಮಾ, ಹತ್ತಿ ಜಗಿದ ಹಾಗಿದೆಯಲ್ಲ!” ಎನ್ನುತ್ತಾರೆ. ಮಗಳ ಮುಖ ಬಾಡಿದುದನ್ನು ಕಂಡು, “ಪರವಾಗಿಲ್ಲ, ಇನ್ನೊಂದು ಸೌಟು ಹಾಕು” ಎಂದೂ ಸೇರಿಸುತ್ತಾರೆ.

ಈ ಮನೆಯಲ್ಲಿ ವ್ಯಾಕ್ಯೂಂ ಸೀಲರಿನ ಮಾತು ಹುಟ್ಟುವುದು ಇಲ್ಲಿಂದ. ಚೀಲದೊಳಗಿನ ಗಾಳಿಯನ್ನೆಳೆದು, ಬಾಯನ್ನು ಕಾವಿನಿಂದ ಬೆಸೆದು ಮುಚ್ಚುವ ಈ ಪುಟ್ಟ ಯಂತ್ರ ಇಂದು ಅಂಗಡಿಗಳಲ್ಲಿ ಹಲವು ರೂಪಗಳಲ್ಲಿ ದೊರೆಯುತ್ತದೆ. ಕೆಲವು ಸಾವಿರಕ್ಕೂ ಉಂಟು, ಹತ್ತಾರು ಸಾವಿರಕ್ಕೂ ಉಂಟು. ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆಗಿಂತ ಮೊದಲು ಉತ್ತರಿಸಬೇಕಾದ ಪ್ರಶ್ನೆಯೊಂದಿದೆ: ಅದು ಮಾಡುವ ಕೆಲಸವಾವುದು, ಮಾಡದ ಕೆಲಸವಾವುದು?

ಹಿಮದಲ್ಲೂ ಒಣಗುವುದು

ಬೇಳೆ ಹತ್ತಿಯಾದದ್ದು ತಂಪಿನ ತಪ್ಪಲ್ಲ, ಗಾಳಿಯ ತಪ್ಪು. ಚಳಿದೇಶಗಳಲ್ಲಿ ಹೊರಗೆ ಹರವಿದ ಒದ್ದೆ ಬಟ್ಟೆ ಮೊದಲು ಹಲಗೆಯಂತೆ ಹೆಪ್ಪುಗಟ್ಟಿ, ಕರಗದೆಯೇ ಒಣಗಿಬಿಡುತ್ತದೆ. ಮಂಜುಗಡ್ಡೆ ನೀರಾಗುವ ಗೋಜಿಗೇ ಹೋಗದೆ ನೇರವಾಗಿ ಆವಿಯಾಗಬಲ್ಲದು. ಅರ್ಧ ತುಂಬಿದ ಡಬ್ಬದಲ್ಲಿ ನಡೆಯುವುದೂ ಇದೇ. ಬೇಳೆಯ ಮೇಲ್ಮೈಯಿಂದ ಎದ್ದ ಆವಿ ಡಬ್ಬದ ಖಾಲಿ ಜಾಗಕ್ಕೆ ಬಂದು, ಮುಚ್ಚಳದ ಅಡಿಯಲ್ಲೂ ಬೇಳೆಯ ಮೇಲೂ ಪುಡಿಯಾಗಿ ಕೂಡುತ್ತದೆ. ಬೇಳೆಯ ಒಡಲು ಬೆಂಡಾಗುತ್ತದೆ. ಜೊತೆಗೆ ಗಾಳಿಯ ಆಮ್ಲಜನಕ ಜಿಡ್ಡಿನ ಅಂಶವನ್ನು ಕೆಡಿಸುತ್ತದೆ. ಮೀನಿನಲ್ಲಿ ಇದು ಬೇಗ ತಿಳಿಯುತ್ತದೆ, ಕಡಲೆಕಾಯಿ ಹಾಕಿದ ಪುಡಿಗಳಲ್ಲಿ ಸ್ವಲ್ಪ ನಿಧಾನವಾಗಿ.

ಚೀಲ ಮೈಗಂಟಿದ ಅಂಗಿಯಂತೆ ಪದಾರ್ಥವನ್ನು ಅಪ್ಪಿಕೊಂಡರೆ ಆವಿ ಹೋಗಿ ಕೂಡಲು ಜಾಗವೇ ಇರುವುದಿಲ್ಲ. ವ್ಯಾಕ್ಯೂಂ ಸೀಲರಿನ ಮುಖ್ಯ ಉಪಕಾರ ಇಷ್ಟೇ. ಆದರೆ ಇದು ಸಣ್ಣ ಉಪಕಾರವೇನಲ್ಲ. ಡಬ್ಬದಲ್ಲಿ ಎರಡು ತಿಂಗಳಿಗೆ ಸೊರಗುವ ಬೇಳೆ ಹೀಗೆ ಮುಚ್ಚಿದ ಚೀಲದಲ್ಲಿ ಮುಂದಿನ ಧನುರ್ಮಾಸದವರೆಗೆ ಬಂದರೂ ಆಶ್ಚರ್ಯವಿಲ್ಲ.

ಇನ್ನೊಂದು ಲಾಭವನ್ನು ಅಂಗಡಿಯವರು ಹೇಳುವುದೇ ಇಲ್ಲ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್ ಐ ಎಂಬಾತ 1912ರಲ್ಲಿ ತುಪ್ಪುಳು ಚರ್ಮದ ವ್ಯಾಪಾರಕ್ಕೆಂದು ಉತ್ತರದ ಲ್ಯಾಬ್ರಡಾರಿಗೆ ಹೋದ. ಅಲ್ಲಿನ ಮೂಲನಿವಾಸಿಗಳು ಹಿಡಿದ ಮೀನು ಆ ಕಡುಚಳಿಯ ಗಾಳಿಯಲ್ಲಿ ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟುತ್ತಿತ್ತು. ತಿಂಗಳುಗಳ ಬಳಿಕ ಬೇಯಿಸಿದರೂ ತಾಜಾ ಮೀನಿನಂತಿತ್ತು. ನಿಧಾನವಾಗಿ ಹೆಪ್ಪುಗಟ್ಟಿದರೆ ದೊಡ್ಡ ಹರಳುಗಳು ಮೂಡಿ ಪದಾರ್ಥದ ಜೀವಕಣಗಳನ್ನು ಸೀಳುತ್ತವೆ. ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣದು, ಹಾನಿಯೂ ಸಣ್ಣದು. ಊರಿಗೆ ಮರಳಿದ ಬರ್ಡ್ಸ್ ಐ ಆಹಾರದ ಪೊಟ್ಟಣಗಳನ್ನು ಅತಿ ತಣ್ಣಗಿನ ಲೋಹದ ಫಲಕಗಳ ನಡುವೆ ಅದುಮಿ ಹೆಪ್ಪುಗಟ್ಟಿಸುವ ಉಪಾಯ ಹೂಡಿದ. 1930ರ ಮಾರ್ಚ್ 6ರಂದು ಮೆಸಾಚುಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನ ಅಂಗಡಿಗಳಲ್ಲಿ ಅಂಥ ಪೊಟ್ಟಣಗಳು ಮೊದಲು ಮಾರಾಟಕ್ಕೆ ಬಂದವು. ಮನೆಯ ಫ್ರೀಜರಿಗೆ ಲ್ಯಾಬ್ರಡಾರಿನ ಚಳಿ ಬಾರದು, ನಿಜ. ಆದರೆ ಪೊಟ್ಟಣವನ್ನು ತೆಳ್ಳಗೆ, ಪುಸ್ತಕದಂತೆ, ಎರಡು ಮೂರು ಸೆಂಟಿಮೀಟರು ದಪ್ಪಕ್ಕೆ ಹರಡಿ ಮುಚ್ಚಿದರೆ ಅದು ಡಬ್ಬದ ಗಟ್ಟಿಗಿಂತ ಎಷ್ಟೋ ಬೇಗ ಹೆಪ್ಪುಗಟ್ಟುತ್ತದೆ. ಜಾಗವೂ ಕಡಿಮೆ ಸಾಕು. ಕಪಾಟಿನ ಪುಸ್ತಕಗಳಂತೆ ಸಾಲಾಗಿ ನಿಲ್ಲಿಸಬಹುದು.

ಮೂರು ಬಗೆಯ ಯಂತ್ರಗಳು

ಕೈಪಂಪಿನಿಂದ ಗಾಳಿ ತೆಗೆಯುವ, ಕವಾಟವುಳ್ಳ ಚೀಲಗಳು ಎಲ್ಲಕ್ಕಿಂತ ಅಗ್ಗ. ವಾರದೊಳಗೆ ಮುಗಿಯುವ ತೆಂಗಿನ ತುರಿಗೆ ಅವು ಸಾಕು. ತಿಂಗಳುಗಟ್ಟಲೆ ಇಡುವುದಕ್ಕೆ ನಂಬುವಂತಿಲ್ಲ, ಕವಾಟದಿಂದ ಗಾಳಿ ಮೆಲ್ಲಗೆ ಒಳನುಸುಳುತ್ತದೆ.

ಇನ್ನೊಂದು ತುದಿಯಲ್ಲಿರುವುದು ಕೋಣೆಯಂತ್ರ. ಚೀಲವನ್ನು ಇಡಿಯಾಗಿ ಅದರ ಹೊಟ್ಟೆಯೊಳಗಿಟ್ಟು ಮುಚ್ಚಳ ಹಾಕಬೇಕು. ಚೀಲದ ಒಳಗೂ ಹೊರಗೂ ಗಾಳಿ ಒಟ್ಟಿಗೇ ಕಡಮೆಯಾಗುವುದರಿಂದ ಸಾರು ಹುಳಿಗಳಂಥ ದ್ರವ ಬಾಯಿಗೆ ಏರಿ ಬರುವುದಿಲ್ಲ. ಪದಾರ್ಥ ಚೆನ್ನಾಗಿ ಆರಿರಬೇಕು, ಅಷ್ಟೆ. ಬಿಸಿ ಸಾರಾದರೆ ಆ ನಿರ್ವಾತದಲ್ಲಿ ಉರಿಯಿಲ್ಲದೆಯೇ ಕುದಿದು ಉಕ್ಕಿಬಿಡುತ್ತದೆ! ಇದಕ್ಕೆ ಬೇಕಾದ ನುಣುಪು ಚೀಲಗಳೂ ಅಗ್ಗ. ಆದರೆ ಯಂತ್ರದ ಬೆಲೆ ಹೆಚ್ಚು, ಭಾರ ಹೆಚ್ಚು. ಇಂಥ ಹಲವು ಯಂತ್ರಗಳು ಇಪ್ಪತ್ತು ಕಿಲೋವನ್ನೂ ಮೀರಿ ತೂಗುತ್ತವೆ. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಮೂಲೆಯನ್ನು ಶಾಶ್ವತವಾಗಿ ಬರೆದುಕೊಡಬೇಕು. ವಾರವಾರವೂ ಸಾರು ಹುಳಿಗಳನ್ನೇ ಮುಚ್ಚುವ ಮನೆಗಲ್ಲದೆ ಉಳಿದವರಿಗೆ ಇದು ಹೊರೆಯೇ ಸರಿ.

ನಡುವಿನದು ಹೀರುಯಂತ್ರ. ಬಹುಪಾಲು ಮನೆಗಳು ಕೊಳ್ಳುವುದು ಇದನ್ನೇ. ಚೀಲದ ಬಾಯಂಚನ್ನು ಮಾತ್ರ ಯಂತ್ರದ ತುಟಿಗಳ ನಡುವೆ ಇಟ್ಟರೆ ಅದು ಗಾಳಿಯನ್ನು ಹೀರಿ, ಕಾದ ತಂತಿಯ ಪಟ್ಟಿಯಿಂದ ಬಾಯನ್ನು ಬೆಸೆಯುತ್ತದೆ. ಇದಕ್ಕೆ ಒಳಮೈಯಲ್ಲಿ ಉಬ್ಬುಗೆರೆಗಳಿರುವ ಚೀಲವೇ ಬೇಕು. ಗಾಳಿ ಹರಿದುಹೋಗುವ ಕಾಲುವೆಗಳು ಆ ಗೆರೆಗಳು. ನುಣುಪು ಚೀಲವನ್ನಿಟ್ಟರೆ ಎರಡು ಪದರಗಳೂ ಅಂಟಿಕೊಂಡು ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಅಗ್ಗವೆಂದು ನುಣುಪು ಚೀಲಗಳ ಕಟ್ಟು ತಂದು, ಯಂತ್ರವೇ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸುವವರು ಕಡಮೆಯಿಲ್ಲ.

ಕೊಳ್ಳುವಾಗ ಕಣ್ಣು ಹೋಗುವುದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಹೀರುಬಲದ ಅಂಕಿಗೆ: 60, 80, ಕೆಲವದರ ಮೇಲೆ 95 ಕಿಲೋಪಾಸ್ಕಲ್. ಇಲ್ಲಿ ಒಂದು ಸ್ವಾರಸ್ಯವಿದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡವೇ ಸುಮಾರು 101 ಕಿಲೋಪಾಸ್ಕಲ್. ಒಂಬೈನೂರು ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಅದು 91ರ ಆಸುಪಾಸು. ಇರುವ ಗಾಳಿಯನ್ನೆಲ್ಲ ಒಂದು ಕಣವೂ ಬಿಡದಂತೆ ತೆಗೆದರೂ ಬೆಂಗಳೂರಿನಲ್ಲಿ 95ರ ಅಂಕಿಯನ್ನು ಮುಟ್ಟುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲ! ಅಲ್ಲದೆ ಚೀಲ ಮೆತ್ತಗಿರುವುದರಿಂದ ಗಾಳಿ ಹೋದಂತೆ ತಾನೂ ಕುಗ್ಗುತ್ತದೆ. ಉಳಿದ ಅಲ್ಪ ಗಾಳಿಗೆ ಉಳಿಯುವ ಜಾಗವೂ ಅಲ್ಪವೇ. ಫ್ರೀಜರಿನ ಕೆಲಸಕ್ಕೆ 60ಕ್ಕೂ 80ಕ್ಕೂ ಇರುವ ಅಂತರ ನಾಲಗೆಗೆ ತಿಳಿಯುವಂಥದಲ್ಲ. ಆ ಅಂಕಿಗಾಗಿ ಹೆಚ್ಚು ಹಣ ತೆರಬೇಕಾಗಿಲ್ಲ.

ಹಣ ತೆರಬೇಕಾದುದು ಬೆಸುಗೆಗೆ. ಬೆಸುಗೆಯ ಪಟ್ಟಿ ಅಗಲವಾಗಿರಬೇಕು, ಇಲ್ಲವೇ ಎರಡು ಸಾಲಿನದಾಗಿರಬೇಕು. ನೂಲಿನಂಥ ಒಂದೇ ಗೆರೆಯ ಮೇಲೆ ಒಂದು ಹನಿ ಸಾರು, ಒಂದು ಕಣ ಪುಡಿ ಕುಳಿತರೂ ಅಲ್ಲಿ ಬಿರುಕು. ತೇವದ ಪದಾರ್ಥಕ್ಕೆ ಬೇರೆ ಗುಂಡಿ, ಬೇಕಾದಾಗ ಹೀರುವುದನ್ನು ನಿಲ್ಲಿಸಿ ಕೂಡಲೇ ಬೆಸೆಯುವ ಗುಂಡಿ, ಚೆಲ್ಲಿದ ರಸ ಪಂಪಿಗೆ ಹೋಗದಂತೆ ತಡೆದು ಹೊರತೆಗೆದು ತೊಳೆಯಬಹುದಾದ ತಟ್ಟೆ—ಈ ಮೂರನ್ನು ಕೇಳಿ ನೋಡಬೇಕು. ಒಂದು ಚೀಲ ಬೆಸೆದ ಮೇಲೆ ಎಷ್ಟು ಹೊತ್ತು ಆರಲು ಬಿಡಬೇಕೆಂಬುದನ್ನೂ ಕೇಳಬೇಕು. ಅವರೆಯ ಕಾಲದಲ್ಲಿ ಒಂದೇ ಕೂತಿಗೆ ಇಪ್ಪತ್ತು ಚೀಲ ಮುಚ್ಚುವವರಿಗೆ ಈ ಪ್ರಶ್ನೆ ಸಣ್ಣದಲ್ಲ. ತುಟಿಯ ರಬ್ಬರು ಪಟ್ಟಿ ಸವೆಯುವಂಥದು. ಅದು ಬಿಡಿಯಾಗಿ ಸಿಗದ ಯಂತ್ರ ಎಷ್ಟು ಅಂದವಾಗಿದ್ದರೂ ಎರಡು ವರ್ಷಕ್ಕೆ ಅಟ್ಟ ಸೇರುತ್ತದೆ.

ಯಂತ್ರಕ್ಕೆ ಹಣ ಕೊಡುವುದು ಒಮ್ಮೆ, ಚೀಲಕ್ಕೆ ಕೊಡುವುದು ಪ್ರತಿ ತಿಂಗಳೂ. ಒಳಪದರ ಪಾಲಿಥೀನ್, ಹೊರಪದರ ನೈಲಾನ್ ಆಗಿರುವ ಚೀಲವೇ ಬೇಕು. ಆಮ್ಲಜನಕವನ್ನು ತಡೆಯುವುದು ಆ ನೈಲಾನ್. ತಮ್ಮದೇ ಗುರುತಿನ ಚೀಲವಲ್ಲದೆ ಬೇರೆಯದು ಹಿಡಿಸದ ಯಂತ್ರಗಳಿಂದ ದೂರವಿರುವುದು ಲೇಸು. ಸುರುಳಿಯಾಗಿ ಬರುವ ಚೀಲವನ್ನು ಬೇಕಾದಷ್ಟುದ್ದಕ್ಕೆ ಕತ್ತರಿಸಿಕೊಳ್ಳಬಹುದು. ನಾಲ್ಕು ಬೆರಳು ಉದ್ದ ಬಿಟ್ಟು ಕತ್ತರಿಸಿದರೆ ಅದೇ ಚೀಲವನ್ನು ತೊಳೆದು ಇನ್ನೊಂದೆರಡು ಸಲ ಬಳಸಬಹುದು. ಮೀನು ಮಾಂಸ ತುಂಬಿದ್ದನ್ನು ಮಾತ್ರ ತೊಳೆದು ಬಳಸಲಾಗದು.

ಒಂದು ಮಾತು ಫ್ರಿಜ್ಜಿನ ಬಗ್ಗೆ. ಬಹುಕಾಲದ ದಾಸ್ತಾನಿಗೆ −18 ಡಿಗ್ರಿ ಸೆಲ್ಸಿಯಸ್ ಬೇಕು. ಫ್ರೀಜರಿನ ಬಾಗಿಲಿನ ಮೇಲೆ ಒಂದು ನಕ್ಷತ್ರವಿದ್ದರೆ −6, ಎರಡಕ್ಕೆ −12, ಮೂರಕ್ಕೆ −18 ಎಂದರ್ಥ. ಹೊರಬಾಗಿಲಿಗೆ ಅಂಟಿಸಿದ ವಿದ್ಯುತ್ ಉಳಿತಾಯದ ನಕ್ಷತ್ರಗಳು ಬೇರೆ, ಎರಡನ್ನೂ ಕಲಸಿಕೊಳ್ಳಬಾರದು. ಒಂದೇ ಬಾಗಿಲಿನ ಹಳೆಯ ಫ್ರಿಜ್ಜಿನ ಹಿಮಗೂಡಿನಲ್ಲಿ ಐಸ್‌ಕ್ರೀಮು ಮೆತ್ತಗಾಗುತ್ತಿದ್ದರೆ ಸೀಲರಿನ ಹಣವನ್ನು ಫ್ರಿಜ್ಜಿಗೆ ಕೂಡಿಡುವುದೇ ಜಾಣತನ.

ಬಾಯಿ ಕಟ್ಟಿದ ಕಾವಲುಗಾರ

ಮಗಳು ಯಂತ್ರ ಕೊಂಡಳೆಂದುಕೊಳ್ಳೋಣ. ಹುಳಿ, ಕೂಟು, ಪಲ್ಯಗಳನ್ನು ಒಂದೊಂದು ಊಟಕ್ಕೊಂದರಂತೆ ಮುಚ್ಚಿ ಮೈಸೂರಿಗೆ ಕೊಂಡೊಯ್ದಳು. ಚೀಲಗಳು ಗಟ್ಟಿಯಾಗಿ, ಹೊಳೆಯುತ್ತ, ಅಂಗಡಿಯ ಸರಕಿನಂತೆ ಕಾಣುತ್ತವೆ. ಅಂಗಡಿಯಲ್ಲಿ ಬಿಸಿಬೇಳೆಭಾತಿನ ಪೊಟ್ಟಣಗಳು ತಿಂಗಳುಗಟ್ಟಲೆ ಕಪಾಟಿನ ಮೇಲೆಯೇ ಕೂತಿರುವುದನ್ನು ತಂದೆಯವರು ನೋಡಿದ್ದಾರೆ. “ಇದರಲ್ಲೂ ಗಾಳಿಯಿಲ್ಲವಲ್ಲ, ಫ್ರೀಜರೇಕೆ?” ಎಂದು ಅವರು ನಾಲ್ಕು ಚೀಲಗಳನ್ನು ಅಡುಗೆಮನೆಯ ಗೂಡಿನಲ್ಲೇ ಇಟ್ಟುಕೊಂಡರೆ?

ಇಡೀ ವಿಷಯದಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಸಂಗತಿ ಇದೊಂದೇ.

ಅಂಗಡಿಯ ಆ ಪೊಟ್ಟಣದ ಗುಟ್ಟು ಗಾಳಿ ತೆಗೆದದ್ದರಲ್ಲಿಲ್ಲ. ಮುಚ್ಚಿದ ಮೇಲೆ ಅದನ್ನು ದೊಡ್ಡ ಒತ್ತಡಪಾತ್ರೆಯಲ್ಲಿ ಸುಮಾರು 121 ಡಿಗ್ರಿಯವರೆಗೆ ಕಾಯಿಸಿರುತ್ತಾರೆ. ಕುದಿಯುವ ನೀರಿಗೂ ಜಗ್ಗದ ರೋಗಾಣುಬೀಜಗಳು ಅಲ್ಲಿ ನಾಶವಾಗುತ್ತವೆ. ಸೈನಿಕರ ಬುತ್ತಿಗಾಗಿ ಈ ವಿಧಾನವನ್ನು ನಮ್ಮ ಅಡುಗೆಗಳಿಗೆ ಹೊಂದಿಸಿಕೊಟ್ಟದ್ದು ಮೈಸೂರಿನಲ್ಲೇ 1961ರಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ಮನೆಯ ಸೀಲರು ಇದಾವುದನ್ನೂ ಮಾಡುವುದಿಲ್ಲ. ಅದು ಕಾಯಿಸುವುದು ಚೀಲದ ಅಂಚನ್ನು ಮಾತ್ರ.

ಗಾಳಿ ಇದ್ದಾಗ ಬೆಳೆಯುವ ಬೂಷ್ಟು, ಹುಳಿನಾತ, ಅಂಟುನೂಲು ಇವೆಲ್ಲ ಅಸಹ್ಯವೇನೋ ಹೌದು. ಆದರೆ ಅವು ಊರ ಕಾವಲುಗಾರನಿದ್ದಂತೆ, ಕೆಟ್ಟಿದೆಯೆಂದು ಕೂಗಿ ಹೇಳುತ್ತವೆ. ಗಾಳಿ ತೆಗೆದರೆ ಆ ಕಾವಲುಗಾರನ ಬಾಯಿ ಕಟ್ಟಿದಂತೆ. ಗಾಳಿಯಿಲ್ಲದೆಡೆಯಲ್ಲೇ ಚಿಗುರುವ ಕಳ್ಳನೊಬ್ಬನಿದ್ದಾನೆ: ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಸೂಕ್ಷ್ಮಜೀವಿ. ಮಣ್ಣಿನಲ್ಲಿ ವಾಸ, ಬೇರು, ಗಡ್ಡೆ, ಕಾಳುಗಳ ಜೊತೆ ಅಡುಗೆಮನೆಗೆ ಬರುತ್ತದೆ. ಅದರ ಬೀಜ ಹುಳಿ ಕುದಿದಾಗಲೂ ಸಾಯುವುದಿಲ್ಲ. ಚೀಲ ಬೆಚ್ಚಗಿನ ಗೂಡಿನಲ್ಲಿ ಕುಳಿತಿದ್ದರೆ ಮೊಳೆತು ನರಗಳನ್ನು ಸ್ತಬ್ಧಗೊಳಿಸುವ ಘೋರ ವಿಷವನ್ನು ಕಾರುತ್ತದೆ. ನಾತವಿರಲೇಬೇಕೆಂದಿಲ್ಲ, ರುಚಿ ಕೆಟ್ಟಿರಲೇಬೇಕೆಂದಿಲ್ಲ. ಚೀಲ ಉಬ್ಬಿದ್ದರೆ ಎಸೆಯಬೇಕೆಂಬುದು ನಿಜ. ಉಬ್ಬಿಲ್ಲದ ಮಾತ್ರಕ್ಕೆ ಕ್ಷೇಮವೆನ್ನುವುದು ಸುಳ್ಳು.

ಆದುದರಿಂದ ಗಾಳಿ ತೆಗೆದ ಅಡುಗೆ ಇರಬೇಕಾದುದು ಫ್ರೀಜರಿನಲ್ಲಿ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟರೆ ಸಾಮಾನ್ಯ ಡಬ್ಬದಷ್ಟೇ ಲೆಕ್ಕ, ಮೂರು ನಾಲ್ಕು ದಿನ. ಬೆಂಗಳೂರಿನಿಂದ ಮೈಸೂರಿಗೆ ಒಯ್ಯುವಾಗ ಮೊದಲೇ ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ಐಸ್ ತುಂಬಿದ ತಂಪುಪೆಟ್ಟಿಗೆಯಲ್ಲಿಟ್ಟು ಒಯ್ಯಬೇಕು. ಸುಲಿದ ಹಸಿ ಬೆಳ್ಳುಳ್ಳಿ, ಅಣಬೆಗಳನ್ನು ಗಾಳಿ ತೆಗೆದು ಹೊರಗಿಡಲೇಬಾರದು. ಮೀನನ್ನು ಕರಗಿಸುವಾಗ ಚೀಲದ ಬಾಯನ್ನು ಮೊದಲು ಕತ್ತರಿಸಿ, ಆಮೇಲೆ ಫ್ರಿಜ್ಜಿನಲ್ಲಿಟ್ಟು ಕರಗಿಸಬೇಕು. ಮೀನಿನಲ್ಲಿ ಕಾಣುವ ಒಂದು ಜಾತಿಯ ಬೊಟುಲಿನಂ ಫ್ರಿಜ್ಜಿನ ತಂಪಿನಲ್ಲೂ ಬೆಳೆಯಬಲ್ಲದು. ಹುಳಿ ಸಾರುಗಳನ್ನು ಬಿಸಿ ಮಾಡುವಾಗ ಬೆಚ್ಚಗಾದರೆ ಸಾಲದು, ಹತ್ತು ನಿಮಿಷ ಕೊತಕೊತ ಕುದಿಸಬೇಕು. ಇದು ಮೇಲಿನ ಎಚ್ಚರಗಳ ಜೊತೆಗೆ, ಅವುಗಳ ಬದಲಿಗಲ್ಲ.

ವಿದ್ಯುತ್ತು ಹೋದರೆ ಬಾಗಿಲು ತೆರೆಯದಿರುವುದೇ ಉಪಾಯ. ಪ್ರತ್ಯೇಕ ಫ್ರೀಜರು ತುಂಬಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ತಡೆಯುತ್ತದೆಂದು ಲೆಕ್ಕ. ಫ್ರಿಜ್ಜಿನೊಳಗಿನ ಪುಟ್ಟ ಹಿಮಗೂಡಿಗೆ ಅಷ್ಟು ತಾಳ್ಮೆಯಿಲ್ಲ.

ಮತ್ತೆ ಅವರೆಯ ಕಡೆಗೆ

ಗಾಳಿ ತೆಗೆದರೂ ಕಾಳಿನೊಳಗಿನ ಕಿಣ್ವಗಳು ಸುಮ್ಮನಿರುವುದಿಲ್ಲ; ಹೆಪ್ಪಿನಲ್ಲೂ ಮೆಲ್ಲಮೆಲ್ಲನೆ ಬಣ್ಣವನ್ನೂ ಸೊಗಡನ್ನೂ ತಿನ್ನುತ್ತವೆ. ಆದ್ದರಿಂದ ಬೇಳೆಯನ್ನು ಕುದಿಯುವ ನೀರಿನಲ್ಲಿ 2ರಿಂದ 3 ನಿಮಿಷ ಅದ್ದಿ, ಕೂಡಲೇ ಐಸ್ ಹಾಕಿದ ನೀರಿಗೆ ಸುರಿಯಬೇಕು. ಸೊಗಡಿನ ಒಂದು ಪಾಲು ಆ ಬಿಸಿನೀರಿನಲ್ಲಿ ಹೋಗುತ್ತದೆಂಬುದು ನಿಜವೇ; ಹಾಗೆ ಮಾಡದಿದ್ದರೆ ಉಳಿದ ಪಾಲೂ ಹೋಗುತ್ತದೆ. ನೀರು ಬಸಿದು, ಒಣಬಟ್ಟೆಯ ಮೇಲೆ ಹರವಿ ತೇವವಾರಿಸಿ, ಅಗಲದ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸಿದ ಮೇಲೆಯೇ ಚೀಲಕ್ಕೆ ತುಂಬಬೇಕು. ಹಸಿಯಾಗಿ ತುಂಬಿದರೆ ಯಂತ್ರ ನೀರನ್ನೇ ಹೀರುತ್ತದೆ, ಬೇಳೆಯೂ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗುತ್ತದೆ.

ಮೊದಲು ಹೆಪ್ಪು, ಆಮೇಲೆ ಚೀಲ ಎಂಬ ಈ ಒಂದು ಸೂತ್ರ ಹೀರುಯಂತ್ರದ ಅರ್ಧ ಕುಂದನ್ನು ನೀಗುತ್ತದೆ. ಹುಳಿಯನ್ನು ಚಪ್ಪಟೆ ಡಬ್ಬದಲ್ಲಿ ಹೆಪ್ಪುಗಟ್ಟಿಸಿ, ಆ ಹಲಗೆಯನ್ನೇ ಎತ್ತಿ ಚೀಲಕ್ಕೆ ಹಾಕಿದರೆ ಒಂದು ಹನಿಯೂ ಬಾಯಿಗೆ ಏರದು. ಹೀಗೆ ಮಾಡುವವರಿಗೆ ಕೋಣೆಯಂತ್ರದ ಅಗತ್ಯವೇ ಬೀಳುವುದಿಲ್ಲ. ಇಡ್ಲಿಯನ್ನೂ ಹಾಗೆಯೇ, ಮೆತ್ತಗಿದ್ದಾಗ ಗಾಳಿ ಎಳೆದರೆ ಅದು ಇಡ್ಲಿಯಾಗಿ ಉಳಿಯದೆ ರೊಟ್ಟಿಯಾಗುತ್ತದೆ. ಹೋಳಿಗೆಗಳ ನಡುವೆ ಬೆಣ್ಣೆಕಾಗದ ಹಾಕಬೇಕು. ದೋಸೆಹಿಟ್ಟು ಈ ಯಂತ್ರಕ್ಕೆ ಹೇಳಿದ್ದಲ್ಲ, ಉಬ್ಬುವುದೇ ಅದರ ಧರ್ಮ. ಆಗತಾನೆ ಹುರಿದು ಪುಡಿ ಮಾಡಿಸಿದ ಕಾಫಿಯೂ ಕೆಲವು ದಿನ ತಾನೇ ಅನಿಲ ಬಿಡುತ್ತಿರುವುದರಿಂದ ಗಟ್ಟಿಯಾಗಿ ಮುಚ್ಚಿದ ಚೀಲ ಮರುದಿನ ಸಡಿಲಾಗಿರುತ್ತದೆ. ಅದಕ್ಕೆ ಯಂತ್ರವನ್ನು ದೂರಬೇಕಾಗಿಲ್ಲ. ಸಾರಿನ ಪುಡಿಯನ್ನು ನೇರವಾಗಿ ತುಂಬದೆ ಮೊದಲು ಕಾಗದದ ಪೊಟ್ಟಣ ಕಟ್ಟಿ ಹಾಕದಿದ್ದರೆ ಪುಡಿ ಪಂಪಿಗೆ ಹೋಗುತ್ತದೆ, ಪಂಪಿನ ಜೊತೆಗೆ ಮನೆಮಂದಿಯೂ ಸೀನಬೇಕಾಗುತ್ತದೆ. ಒಣಮೆಣಸಿನಕಾಯಿಯ ತೊಟ್ಟು, ನುಗ್ಗೆಕಾಯಿಯ ತುದಿ, ಮಾಂಸದ ಮೂಳೆ ಇವು ಚೀಲವನ್ನು ಚುಚ್ಚುತ್ತವೆ; ಮಡಿಸಿದ ಕಾಗದವನ್ನು ಅಡ್ಡವಿಡಬೇಕು.

ಮುಚ್ಚಿದ ಚೀಲವನ್ನು ಮರುದಿನ ಒಮ್ಮೆ ಮುಟ್ಟಿ ನೋಡಿದರೆ ಬೆಸುಗೆಯ ಯೋಗ್ಯತೆ ತಿಳಿಯುತ್ತದೆ. ಸಡಿಲಾಗಿದ್ದರೆ ಅದನ್ನು ಮೊದಲು ಬಳಸಿಕೊಳ್ಳುವುದು, ಇಲ್ಲವೇ ಕತ್ತರಿಸಿ ಮತ್ತೆ ಮುಚ್ಚುವುದು.

ಮೈಸೂರಿನ ಮನೆಗೆ ಹೋಗುವ ಚೀಲಗಳ ಮೇಲೆ ಮಗಳು ಮೂರು ಸಂಗತಿಗಳನ್ನು ಬರೆದರೆ ಸಾಕು: ಪದಾರ್ಥದ ಹೆಸರು, ಮುಚ್ಚಿದ ತಾರೀಖು, ಅವೆರಡಕ್ಕಿಂತ ದಪ್ಪಕ್ಷರದಲ್ಲಿ “ಫ್ರೀಜರಿನಲ್ಲಿ ಮಾತ್ರ”. ಬರೆಯುವುದು ಖಾಲಿ ಚೀಲದ ಮೇಲೆ, ತುಂಬುವುದಕ್ಕೆ ಮೊದಲು. ತಂಪು ಹಿಡಿದು ಬೆವರಿದ ಪ್ಲಾಸ್ಟಿಕ್ಕಿನ ಮೇಲೆ ಯಾವ ಶಾಯಿಯೂ ನಿಲ್ಲುವುದಿಲ್ಲ.